ಸಿಸ್ಟರಮ್ಮನ ದರ್ಬಾರು, ಧಣಿಯ ಲೆಕ್ಕ

ಈಚೆಗೆ ದೊಡ್ಡ ಆಸ್ಪತ್ರೆಗಳ ಆಡಳಿತಗಾರರ ಬಾಯಲ್ಲಿ ಹೊಸ ಮಂತ್ರವೊಂದು ಹುಟ್ಟಿಕೊಂಡಿದೆ. ಅದರ ಹೆಸರು 'ನಾಯಕತ್ವ ಶೈಲಿ'. ನರ್ಸುಗಳು ಕೆಲಸ ಬಿಟ್ಟು ಹೋಗುತ್ತಿದ್ದಾರೆಯೇ? ಮೇಲ್ವಿಚಾರಕಿಯ ಶೈಲಿ ಸರಿಯಿಲ್ಲ. ನರ್ಸುಗಳ ಮುಖದಲ್ಲಿ ಗೆಲುವಿಲ್ಲವೇ? ಮೇಲ್ವಿಚಾರಕಿಯ ಶೈಲಿ ಸರಿಯಿಲ್ಲ. ಕೂಡಲೇ ಯಾವುದಾದರೂ ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ಎರಡು ದಿನದ ಶಿಬಿರ. ವಾರ್ಡ್ ಸಿಸ್ಟರುಗಳಿಗೆ ನಗುವುದು ಹೇಗೆ, ಬೆನ್ನು ತಟ್ಟುವುದು ಹೇಗೆ ಎಂಬ ಪಾಠ. ಊಟ, ಫೋಟೋ, ಪ್ರಮಾಣಪತ್ರ. ಮೂರನೆಯ ದಿನ ಬೆಳಿಗ್ಗೆ ಅದೇ ವಾರ್ಡು, ಅದೇ ಹಾಸಿಗೆಗಳ ಸಾಲು, ಅದೇ ಇಬ್ಬರು ನರ್ಸುಗಳು.

ಇದು ನರ್ಸುಗಳ ಸಂಗತಿ, ಗಿರಣಿಯವರಿಗೂ ಅಂಗಡಿಯವರಿಗೂ ಇದರಿಂದ ಏನಾಗಬೇಕು ಎಂದು ಕೇಳುವವರು ಇರಬಹುದು. ಆಗಬೇಕಾದುದು ಬಹಳ ಇದೆ. ನಮ್ಮ ಭಾಗದಲ್ಲಿ ಎಷ್ಟೋ ಗಿರಣಿಗಳ ಬಾಗಿಲು ಮುಚ್ಚಿ, ಅದೇ ಊರುಗಳಲ್ಲಿ ನರ್ಸಿಂಗ್ ಹೋಮುಗಳ ಬಾಗಿಲು ತೆರೆದಿವೆ. ಸಾಂಚಾದ ಮುಂದೆ ನಿಂತು ದುಡಿದ ತಂದೆ ಸಾಲ ಮಾಡಿ ಮಗಳಿಗೆ ನರ್ಸಿಂಗ್ ಓದಿಸಿದ್ದಾನೆ. ಕಿರಾಣಿ ಅಂಗಡಿಯವನು ಹೆಂಡತಿಯ ಹೆರಿಗೆಗೂ ತಾಯಿಯ ಪಾರ್ಶ್ವವಾಯುವಿಗೂ ಗಲ್ಲಾಪೆಟ್ಟಿಗೆ ಬರಿದು ಮಾಡಿಕೊಂಡು ಆ ವಾರ್ಡಿನ ಬೆಂಚಿನ ಮೇಲೆ ರಾತ್ರಿ ಕಳೆದಿದ್ದಾನೆ. ದುಡಿಯುವವಳೂ ನಮ್ಮವಳೇ, ಹಾಸಿಗೆಯ ಮೇಲೆ ಮಲಗಿದವರೂ ನಮ್ಮವರೇ. ಹೀಗಿರುವಾಗ ನಮಗೆ ಸಂಬಂಧವಿಲ್ಲವೆಂದರೆ ಇನ್ನಾರಿಗೆ ಸಂಬಂಧ?

ಗಿರಣಿಯವರಿಗೆ ಈ ಮೇಲ್ವಿಚಾರಕಿಯನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವೇ ಇಲ್ಲ. ಅವಳು ನಿಮ್ಮ ಜಾಬರನ ತಂಗಿ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾವ ಬದಲಿಯವನನ್ನು ಗೇಟಿನಿಂದ ಹಿಂದಕ್ಕೆ ಅಟ್ಟಬೇಕು ಎಂಬುದು ಜಾಬರನ ಹುಬ್ಬಿನ ಮೇಲೆ ನಿಂತಿತ್ತು. ಅವನಿಗೆ ಕೊಡುವ ಮಾಮೂಲಿನ ಕಥೆಯನ್ನು 1931ರಲ್ಲಿ ವಿಟ್ಲೆ ಅವರ ಅಧ್ಯಕ್ಷತೆಯ ಕಾರ್ಮಿಕ ಆಯೋಗವೇ ಬರೆದಿಟ್ಟಿದೆ. ಬ್ರಿಟಿಷರು ನೇಮಿಸಿದ ಆಯೋಗ, ನಮ್ಮ ಪಕ್ಷದವರದಲ್ಲ! ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಜಾಬರನ ಕೈಯಿಂದ ಕಿತ್ತುಕೊಳ್ಳಬೇಕೆಂದು ಅದು ಹೇಳಿತು. ವಾರ್ಡ್ ಸಿಸ್ಟರು ಮಾಮೂಲು ತೆಗೆದುಕೊಳ್ಳುತ್ತಾಳೆಂದು ನಾವು ಹೇಳುತ್ತಿಲ್ಲ. ಅವಳ ಕೈಯಲ್ಲಿರುವ ಆಯುಧ ಬೇರೆ. ಅದು ಡ್ಯೂಟಿ ಪಟ್ಟಿ. ಒಂದು ಹಾಳೆ, ಒಂದು ಪೆನ್ಸಿಲು, ಒಂದು ರಬ್ಬರು. ಯಾರಿಗೆ ಸಾಲಾಗಿ ರಾತ್ರಿಪಾಳಿ, ಯಾರಿಗೆ ಹಬ್ಬದ ದಿನ ರಜೆ, ಎಳೆಗೂಸನ್ನು ಮನೆಯಲ್ಲಿ ಬಿಟ್ಟು ಬಂದವಳಿಗೆ ಯಾವ ಪಾಳಿ, ಎಲ್ಲವೂ ಆ ಹಾಳೆಯಲ್ಲಿ. ಎದುರಾಡಿದವಳ ಹೆಸರು ಮುಂದಿನ ವಾರ ಎಲ್ಲಿ ಕೂರುತ್ತದೆಂದು ವಾರ್ಡಿನ ಆಯಾಳಿಗೂ ಗೊತ್ತು.

ಆದ್ದರಿಂದ ಮೇಲ್ವಿಚಾರಕಿಯ ನಡವಳಿಕೆಯಿಂದ ನರ್ಸುಗಳ ಸುಖದುಃಖ ಬದಲಾಗುತ್ತದೆ ಎಂಬ ಮಾತು ಸುಳ್ಳಲ್ಲ. ನಮ್ಮ ಸಂಗಾತಿಗಳಲ್ಲೇ ಕೆಲವರಿಗೆ ಇದು ರುಚಿಸುವುದಿಲ್ಲ. 'ಎಲ್ಲಾ ಸಂಬಳದ ಪ್ರಶ್ನೆ, ಸಂಬಳ ಸರಿಯಾದರೆ ಸಿಸ್ಟರು ಗುರುಗುಟ್ಟಿದರೇನು, ನಕ್ಕರೇನು' ಎನ್ನುತ್ತಾರೆ. ನಾವು ಒಪ್ಪುವುದಿಲ್ಲ. ದಿನಕ್ಕೆ ಎಂಟು ತಾಸು ಅವಮಾನ ನುಂಗಿ ಸಂಬಳ ಎಣಿಸಿಕೊಳ್ಳುವುದೇ ಸಮಾಜವಾದವಾದರೆ ಅದನ್ನು ಸಾಹುಕಾರರೂ ಒಪ್ಪಿಕೊಂಡಾರು. ಕೆನಡಾದ ಗ್ರೆಟಾ ಕಮಿಂಗ್ಸ್ ಎಂಬ ಪ್ರಾಧ್ಯಾಪಕಿ ಮತ್ತು ಅವರ ಸಂಗಡಿಗರು ಲೋಕದ ನಾನಾ ಕಡೆ ನಡೆದ ಇಂಥ 129 ಅಧ್ಯಯನಗಳನ್ನು ಒಟ್ಟು ಮಾಡಿ 2018ರಲ್ಲಿ ಪ್ರಕಟಿಸಿದರು. ಜನರನ್ನು ಜನರೆಂದು ಕಂಡು, ಅವರ ಮಾತು ಕೇಳಿ ಕೆಲಸ ಮಾಡಿಸುವ ಮೇಲ್ವಿಚಾರಣೆ ಇದ್ದಲ್ಲಿ ನರ್ಸುಗಳ ತೃಪ್ತಿ ಹೆಚ್ಚು ಎಂದು 52 ಅಧ್ಯಯನಗಳು ಹೇಳಿದವು. ಬರೀ ಕೆಲಸ ಮುಗಿಯಿತೇ ಎಂದು ಕೋಲು ಹಿಡಿದು ನೋಡುವ ಮೇಲ್ವಿಚಾರಣೆ ಇದ್ದಲ್ಲಿ ತೃಪ್ತಿ ಕಡಿಮೆ ಎಂದು 16 ಅಧ್ಯಯನಗಳು ಹೇಳಿದವು. ಇದನ್ನು ಅಲ್ಲಗಳೆದು ನಮಗೇನೂ ಲಾಭವಿಲ್ಲ.

ಮಾಸ್ತರಿಕೆ ಮಾಡಿ ಬಂದ ನಮಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಅಮೆರಿಕೆಯ ಐಯೊವಾದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಶಿಷ್ಯರು ಹತ್ತು ವರ್ಷದ ಹುಡುಗರ ಗುಂಪುಗಳನ್ನು ಕಟ್ಟಿ, ಒಂದಕ್ಕೆ ದರ್ಪದ ನಾಯಕ, ಒಂದಕ್ಕೆ ಎಲ್ಲರನ್ನೂ ಕೇಳಿ ನಡೆಯುವ ನಾಯಕ, ಒಂದಕ್ಕೆ ಏನನ್ನೂ ಮಾಡದ ನಾಯಕ, ಹೀಗೆ ಕೊಟ್ಟು ನೋಡಿದರು. 1939ರಲ್ಲಿ ಅದರ ವರದಿ ಬಂತು. ದರ್ಪದ ನಾಯಕ ಕೋಣೆಯಿಂದ ಹೊರಗೆ ಹೋದೊಡನೆ ಹುಡುಗರ ಕೆಲಸ ಬಿದ್ದುಹೋಗುತ್ತಿತ್ತು. ಎಲ್ಲರನ್ನೂ ಕೇಳಿ ನಡೆಯುವವನು ಹೊರಗೆ ಹೋದರೂ ಕೆಲಸ ಸಾಗುತ್ತಿತ್ತು. ಬೆತ್ತದ ಮಾಸ್ತರು ಬಾಗಿಲು ದಾಟಿದಾಗ ತರಗತಿಯಲ್ಲಿ ಏನಾಗುತ್ತದೆಂದು ಕಂಡವರಿಗೆ ಐಯೊವಾ ತನಕ ಹೋಗಬೇಕಾಗಿಲ್ಲ. ರಾತ್ರಿಪಾಳಿಯಲ್ಲಿ ಮೇಲ್ವಿಚಾರಕಿ ಎಷ್ಟು ಹೊತ್ತು ವಾರ್ಡಿನಲ್ಲಿ ಇರುತ್ತಾಳೆ? ಅವಳ ಭಯದಿಂದಲೇ ಮದ್ದು ಕೊಡುವ ಪದ್ಧತಿ ಇದ್ದರೆ ಅವಳಿಲ್ಲದ ಆ ತಾಸುಗಳಲ್ಲಿ ರೋಗಿಯ ಗತಿಯೇನು?

ಇಷ್ಟನ್ನು ಒಪ್ಪಿಕೊಂಡ ಮೇಲೆ ಆಡಳಿತಗಾರ ಮಹಾಶಯರನ್ನು ನಾವು ಒಂದು ಮಾತು ಕೇಳಬೇಕಾಗಿದೆ. ಆ ಕೋಲನ್ನು ಸಿಸ್ಟರಮ್ಮನ ಕೈಗೆ ಕೊಟ್ಟವರು ಯಾರು?

ಅವಳು ಹುಟ್ಟುತ್ತಲೇ ಗುರುಗುಟ್ಟುತ್ತಾ ಹುಟ್ಟಿದವಳಲ್ಲ. ಹದಿನೈದು ಇಪ್ಪತ್ತು ವರ್ಷ ತಾನೇ ಹಾಸಿಗೆ ಹಾಸಿ, ಬೆಡ್‌ಪ್ಯಾನು ಎತ್ತಿ, ಮೇಲಿನವಳ ಬೈಗುಳ ತಿಂದು ಬಂದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಗಾಡಿ ಬಿಟ್ಟುಬಿಡಬಹುದು. ಆದರೆ ಅತ್ತೆಯಾಗಿ ಮಾಡುವ ಕಾರಖಾನೆ ಎಲ್ಲಿದೆ ಎಂದು ನೋಡಬೇಕಲ್ಲವೆ? ಲಂಡನ್ನಿನ ಒಂದು ದೊಡ್ಡ ಬೋಧನಾಸ್ಪತ್ರೆಯಲ್ಲಿ ಇಸಬೆಲ್ ಮೆನ್ಜೀಸ್ ಎಂಬಾಕೆ ಇದನ್ನೇ ಹುಡುಕಿ 1959ರಲ್ಲಿ ಬರೆದರು. ನರ್ಸಿಂಗ್ ಕಲಿಯಲು ಬಂದ ಹುಡುಗಿಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಡುವೆಯೇ ಬಿಟ್ಟುಹೋಗುತ್ತಿದ್ದರು. ಹೋಗುತ್ತಿದ್ದವರಲ್ಲಿ ಒಳ್ಳೆಯವರೇ ಹೆಚ್ಚೆಂದು ಆಕೆಗೆ ಕಂಡಿತು. ಅಲ್ಲಿ ಕೆಲಸವನ್ನು ಚೂರು ಚೂರು ಮಾಡಿದ್ದರು. ಒಬ್ಬಳು ಎಲ್ಲ ರೋಗಿಗಳ ಜ್ವರ ನೋಡಬೇಕು, ಇನ್ನೊಬ್ಬಳು ಎಲ್ಲರ ಹಾಸಿಗೆ ಹಾಸಬೇಕು. ಯಾರೂ ಯಾವ ರೋಗಿಗೂ ಪೂರ್ತಿ ಸೇರಿದವರಲ್ಲ. ರೋಗಿಗೆ ಹೆಸರಿಲ್ಲ, ಹತ್ತನೆಯ ಹಾಸಿಗೆಯ ಪಿತ್ತಕೋಶ ಎನ್ನುವುದೇ ಹೆಸರು. ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ತಪಾಸಣೆ ಮಾಡಬೇಕು, ಸಣ್ಣ ತೀರ್ಮಾನಕ್ಕೂ ಮೇಲಿನವರ ಕಡೆ ಓಡಬೇಕು. ಸಾವು ನೋವುಗಳ ನಡುವೆ ದುಡಿಯುವವರಿಗೆ ಉಂಟಾಗುವ ತಳಮಳವನ್ನು ಎದುರಿಸುವ ಬದಲು ಆಸ್ಪತ್ರೆ ಅದನ್ನು ಕಟ್ಟಳೆಯ ಕಂಬಳಿ ಹೊದಿಸಿ ಮುಚ್ಚಿಟ್ಟಿತ್ತು ಎಂಬುದು ಮೆನ್ಜೀಸರ ಅಭಿಪ್ರಾಯ. ಹಿರಿಯ ಸಿಸ್ಟರುಗಳು ಕಿರಿಯರನ್ನು ಬೇಜವಾಬ್ದಾರಿಯವರು ಎಂದು ಗದರುತ್ತಿದ್ದದ್ದೂ ಆ ಕಟ್ಟಳೆಯ ಒಂದು ಭಾಗವೇ. ಅದು ಒಬ್ಬಿಬ್ಬರ ಸ್ವಭಾವದೋಷವಾಗಿರಲಿಲ್ಲ. ಇದನ್ನು ಓದುವ ಗಿರಣಿ ಕಾರ್ಮಿಕನಿಗೆ ತನ್ನ ಖಾತೆಯೇ ಕಣ್ಣೆದುರು ಬಂದರೆ ಸೋಜಿಗವಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಘೋರವಾದುದು. ಇಂಗ್ಲೆಂಡಿನ ಸ್ಟಾಫರ್ಡ್ ಊರಿನ ಆಸ್ಪತ್ರೆ. ಅದು ಸರಕಾರದ ಆಸ್ಪತ್ರೆಯೇ, ಖಾಸಗಿಯದಲ್ಲ ಎಂಬುದನ್ನು ಮುಚ್ಚಿಡಬಾರದು. 2006-07ರಲ್ಲಿ ಅದರ ಆಡಳಿತ ಮಂಡಲಿ ಒಂದು ಕೋಟಿ ಪೌಂಡು ಉಳಿಸುವ ಗುರಿ ಹಾಕಿಕೊಂಡು 150ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿದುಹಾಕಿತು. ಲೆಕ್ಕ ಚೊಕ್ಕಟವಾಗಿದೆಯೆಂದು 2008ರಲ್ಲಿ ಅದಕ್ಕೆ ಸ್ವಾಯತ್ತತೆಯ ಪದವಿಯೂ ದೊರೆಯಿತು! ಒಳಗೆ ಮಾತ್ರ ರೋಗಿಗಳ ಕೈಗೆ ನೀರು ಎಟುಕುತ್ತಿರಲಿಲ್ಲ, ಹೊಲಸಾದ ಹಾಸಿಗೆಯಲ್ಲೇ ಅವರು ತಾಸುಗಟ್ಟಲೆ ಬಿದ್ದಿರುತ್ತಿದ್ದರು. ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ತಾಸಿನೊಳಗೆ ಸಾಗಹಾಕಬೇಕೆಂಬ ಗುರಿ ಮೇಲಿನಿಂದ ಬಂದಿತ್ತು. ಗುರಿ ಮುಟ್ಟದಿದ್ದಾಗ ಹೊತ್ತನ್ನು ಸುಳ್ಳು ಬರೆಯಿರೆಂದು ಸಿಸ್ಟರುಗಳು ಒತ್ತಾಯಿಸುತ್ತಿದ್ದರೆಂದು ಅಲ್ಲಿಯ ಒಬ್ಬ ನರ್ಸು ಸಾಕ್ಷಿ ಹೇಳಿದರು. ದೂರು ಕೊಟ್ಟದ್ದಕ್ಕೆ ಆಕೆ ಬೆದರಿಕೆಗೆ ಗುರಿಯಾದರು. ಪಾಳಿ ಮುಗಿಸಿ ಕಾರಿನ ತನಕ ಒಬ್ಬಳೇ ನಡೆದುಹೋಗಲು ಅಂಜುವಂತಾಯಿತು. ರಾಬರ್ಟ್ ಫ್ರಾನ್ಸಿಸ್ ಎಂಬ ವಕೀಲರ ವಿಚಾರಣೆಯ ವರದಿ 2013ರಲ್ಲಿ 290 ಸಲಹೆಗಳೊಡನೆ ಹೊರಬಂತು. ಅದೇ ವರ್ಷ ಇಬ್ಬರು ಸಿಸ್ಟರುಗಳ ಹೆಸರನ್ನು ನರ್ಸುಗಳ ಪಟ್ಟಿಯಿಂದ ಹೊಡೆದುಹಾಕಿದರು.

ಹೊಡೆದುಹಾಕಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಸುಳ್ಳು ಬರೆಸಿದವರು ಸುಳ್ಳು ಬರೆಸಿದವರೇ. ಆದರೆ 150 ಹುದ್ದೆ ಕಡಿದ ಲೇಖನಿ ಸಿಸ್ಟರುಗಳ ಕೈಯಲ್ಲಿತ್ತೆ? ನಾಲ್ಕು ತಾಸಿನ ಗುರಿಯನ್ನು ಅವರು ಹಾಕಿದ್ದರೆ? ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ಇಂಗ್ಲಿಷಿನಲ್ಲಿ ಇದೆಯೋ ಇಲ್ಲವೋ ನಮಗೆ ತಿಳಿಯದು, ಸ್ಟಾಫರ್ಡಿನಲ್ಲಿ ಅದು ನಡೆಯಿತು.

ಇದೇ ಇಂಗ್ಲೆಂಡಿನವರು 1966ರಲ್ಲಿ ನರ್ಸಿಂಗ್ ಮೇಲ್ವಿಚಾರಣೆಯನ್ನು ರಿಪೇರಿ ಮಾಡಲು ಬ್ರಯನ್ ಸ್ಯಾಮನ್ ಎಂಬವರ ಸಮಿತಿಯಿಂದ ವರದಿ ಪಡೆದಿದ್ದರು. ಆತ ಚಹದಂಗಡಿಗಳ ದೊಡ್ಡ ಕಂಪನಿಯೊಂದರ ನಿರ್ದೇಶಕ. ಮೇಟ್ರನ್ ಎಂಬ ಹಳೆಯ ಹುದ್ದೆ ಹೋಗಿ ನಂಬರು ಹಾಕಿದ ದರ್ಜೆಗಳು ಬಂದವು. ಬಡ್ತಿ ಬೇಕಾದ ಒಳ್ಳೆಯ ಸಿಸ್ಟರು ರೋಗಿಯ ಹಾಸಿಗೆ ಬಿಟ್ಟು ಆಫೀಸಿನ ಮೇಜಿಗೆ ಹೋಗಬೇಕಾಯಿತು. 2001ರಲ್ಲಿ ಮೇಟ್ರನ್ನರನ್ನು ಮತ್ತೆ ಕರೆತಂದರು. ಚಹದಂಗಡಿಯವರ ಮೇಲೆ ನಮಗೆ ದ್ವೇಷವಿಲ್ಲ, ನಮ್ಮ ಓದುಗರಲ್ಲೇ ಬಹಳ ಮಂದಿ ಇದ್ದಾರೆ. ಅವರನ್ನು ಕೇಳಿದ್ದರೂ ಹೇಳುತ್ತಿದ್ದರು, ಒಳ್ಳೆಯ ಕೆಲಸಗಾರನನ್ನು ಒಲೆಯಿಂದ ಎಬ್ಬಿಸಿ ಗಲ್ಲಾದ ಮೇಲೆ ಕೂರಿಸಿದರೆ ಚಹ ಕೆಡುತ್ತದೆಂದು.

ಈಗ ಶಿಬಿರ ನಡೆಸುವವರ ಮಾತಿಗೆ ಬರೋಣ. ಅವರು ಎತ್ತಿ ಹಿಡಿಯುವ ಮಾದರಿ ಅಮೆರಿಕೆಯ 'ಅಯಸ್ಕಾಂತ ಆಸ್ಪತ್ರೆ'ಗಳದು. ನರ್ಸುಗಳ ತೀವ್ರ ಕೊರತೆಯ ಕಾಲದಲ್ಲಿಯೂ ನರ್ಸುಗಳನ್ನು ಸೆಳೆದು ಉಳಿಸಿಕೊಂಡ 41 ಆಸ್ಪತ್ರೆಗಳನ್ನು ಆರಿಸಿ, ಅವುಗಳಲ್ಲಿ ಏನಿದೆ ಎಂದು 1983ರಲ್ಲಿ ವರದಿ ಮಾಡಿದರು. ಮುಖ್ಯ ನರ್ಸು ವಾರ್ಡಿನಲ್ಲಿ ಕಣ್ಣಿಗೆ ಬೀಳುತ್ತಿದ್ದಳು, ಮಾತು ಕೇಳುತ್ತಿದ್ದಳು. ಸರಿ, ಶಿಬಿರದಲ್ಲಿ ಇಷ್ಟನ್ನು ಹೇಳುತ್ತಾರೆ. ಅದೇ ವರದಿಯಲ್ಲಿ ಇನ್ನೂ ಇದೆ. ಆ ಆಸ್ಪತ್ರೆಗಳಲ್ಲಿ ಸಾಕಷ್ಟು ನರ್ಸುಗಳಿದ್ದರು, ಪಾಳಿಯ ವಿಚಾರದಲ್ಲಿ ಅವರ ಅನುಕೂಲ ನೋಡುತ್ತಿದ್ದರು, ತೀರ್ಮಾನಗಳು ವಾರ್ಡಿನ ಮಟ್ಟದಲ್ಲೇ ಆಗುತ್ತಿದ್ದವು, ಆಸ್ಪತ್ರೆ ನಡೆಸುವವರ ಸಾಲಿನಲ್ಲಿ ಮುಖ್ಯ ನರ್ಸಿಗೂ ಕುರ್ಚಿ ಇತ್ತು. ಶಿಬಿರದವರು ನಗುವನ್ನು ಆಮದು ಮಾಡಿಕೊಂಡು ನರ್ಸುಗಳ ಸಂಖ್ಯೆಯನ್ನು ಬಂದರಿನಲ್ಲೇ ಬಿಟ್ಟು ಬಂದಿದ್ದಾರೆ.

ಸಂಖ್ಯೆಗೆ ಎಷ್ಟು ಬೆಲೆ ಎಂಬುದನ್ನು ಅದೇ ದೇಶದ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ತೂಕಕ್ಕೆ ಹಾಕಿ ತೋರಿಸಿದರು. ಪೆನ್ಸಿಲ್ವೇನಿಯಾ ಪ್ರಾಂತದ 168 ಆಸ್ಪತ್ರೆಗಳು, ಹತ್ತು ಸಾವಿರಕ್ಕೂ ಹೆಚ್ಚು ನರ್ಸುಗಳು. ಒಬ್ಬ ನರ್ಸಿನ ಪಾಲಿಗೆ ಇನ್ನೊಬ್ಬ ರೋಗಿಯನ್ನು ಸೇರಿಸಿದರೆ ಅವಳು ಕೆಲಸದಲ್ಲಿ ಅತೃಪ್ತಳಾಗುವ ಸಂಭವ ಶೇಕಡ 15 ಹೆಚ್ಚು. ಅವಳು ಸುಸ್ತಾಗಿ ಬತ್ತಿಹೋಗುವ ಸಂಭವ ಶೇಕಡ 23 ಹೆಚ್ಚು. ಮೂರನೆಯ ಅಂಕಿಯನ್ನು ಅಂಗಡಿಯ ಬಂಧುಗಳು ಲೆಕ್ಕದ ಪುಸ್ತಕದಲ್ಲೇ ಬರೆದುಕೊಳ್ಳಲಿ: ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇಕಡ 7 ಹೆಚ್ಚು. ಇದು ಒಬ್ಬನೇ ಒಬ್ಬ ರೋಗಿ ಹೆಚ್ಚಾದಾಗಿನ ಮಾತು. ಐವರು ಹೆಚ್ಚಾದರೆ, ಹತ್ತು ಮಂದಿ ಹೆಚ್ಚಾದರೆ ಏನೆಂಬುದನ್ನು ನಾವು ಹೇಳಲು ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದವರು ಶಿಬಿರ ನಡೆಸುತ್ತಾ ಕೂರಲಿಲ್ಲ. 1999ರಲ್ಲಿ ಕಾನೂನು ಮಾಡಿದರು, 2004ರಿಂದ ಜಾರಿಗೆ ತಂದರು. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಮೊದಲು ಆರು ರೋಗಿಗಳು, ಮರುವರ್ಷದಿಂದ ಐವರು, ಅದಕ್ಕೆ ಮೀರಕೂಡದು.

ನಮ್ಮ ದೇಶದಲ್ಲಿ ಅಂಥ ಅಂಕಿ ಇಲ್ಲವೆಂದುಕೊಳ್ಳಬೇಡಿ. ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿದ ಪ್ರಮಾಣ ಬೋಧನಾಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸು, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬಳು, ಮೇಲೆ ರಜೆಯ ಸಲುವಾಗಿ ಶೇಕಡ 30 ಹೆಚ್ಚುವರಿ. ಕಾಗದದ ಮೇಲೆ ನಮ್ಮಷ್ಟು ಶ್ರೀಮಂತರು ಯಾರೂ ಇಲ್ಲ. ನರ್ಸುಗಳ ಸೇವಾ ಸ್ಥಿತಿಗತಿಯನ್ನು ನೋಡಲು 1954ರಲ್ಲೇ ಒಂದು ಸಮಿತಿ ನೇಮಕವಾಗಿತ್ತು. ಅದರ ಅಧ್ಯಕ್ಷರು ನಮ್ಮ ಮಂಗಳೂರು ಕಡೆಯ ಎ. ಬಿ. ಶೆಟ್ಟರು, ಆಗ ಮದರಾಸು ಸರಕಾರದ ಆರೋಗ್ಯ ಮಂತ್ರಿಗಳು. 1987ರಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರದ ಸಮಿತಿ ಬಂತು. ಸಮಿತಿಗಳು ಬಂದವು, ಹೋದವು. ಕೊನೆಗೆ 2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು ಬೀದಿಗಿಳಿದ ಮೇಲೆಯೇ ದೊಡ್ಡವರ ಕಿವಿಯ ಹತ್ತಿ ಉದುರಿದ್ದು. 2016ರಲ್ಲಿ ಸುಪ್ರೀಂ ಕೋರ್ಟು ಹೇಳಿ, ತಜ್ಞರ ಸಮಿತಿ ಕೂತು, 200ಕ್ಕೆ ಮೀರಿದ ಹಾಸಿಗೆಯ ಖಾಸಗಿ ಆಸ್ಪತ್ರೆ ಸರಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯದೂ 20,000 ರೂಪಾಯಿಗೆ ಇಳಿಯಕೂಡದು ಎಂದು ಸಲಹೆ ಕೊಟ್ಟಿತು. ಕೇರಳದಲ್ಲಿ 2018ರಲ್ಲಿ ಕನಿಷ್ಠ ವೇತನದ ಆಜ್ಞೆ ಹೊರಟಿತು. ಉಳಿದ ಕಡೆ ಸಲಹೆ ಸಲಹೆಯಾಗಿಯೇ ಉಳಿಯಲು ಧಣಿಗಳು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಅದೇ 2016ರಲ್ಲಿ ಕೇಂದ್ರ ಸರಕಾರ ತನ್ನ ಆಸ್ಪತ್ರೆಗಳ ಸ್ಟಾಫ್ ನರ್ಸಿಗೆ 'ನರ್ಸಿಂಗ್ ಆಫೀಸರ್' ಎಂದು ಹೆಸರಿಟ್ಟಿತು. ಹೆಸರು ಬದಲಾದ ಮಾತ್ರಕ್ಕೆ ಪಾಳಿಗೊಬ್ಬಳು ಹೆಚ್ಚಾಗಲಿಲ್ಲ.

ಸಿಸ್ಟರಮ್ಮನನ್ನು ನರ್ಸುಗಳಿಂದ ಬೇರ್ಪಡಿಸುವ ಕತ್ತರಿ ಇನ್ನೊಂದಿದೆ. ಅದನ್ನು ಶಿಬಿರದಲ್ಲಿ ಯಾರೂ ತೋರಿಸುವುದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ತಿದ್ದುಪಡಿ ತಂದು, ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಪಡೆಯುವವರು ಕಾರ್ಮಿಕರಲ್ಲ ಎಂದು ಬರೆದರು. ಆ ಗೆರೆ ಮುಂದೆ 1,600 ಆಯಿತು, 2010ರಲ್ಲಿ 10,000 ಆಯಿತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000 ಆಯಿತು. ಗಣಿತ ಗೊತ್ತಿದ್ದವರು ಈಗ ಎರಡು ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಅತಿ ಸಣ್ಣ ನರ್ಸಿಂಗ್ ಹೋಮಿನ ನರ್ಸಿಗೆ ತಜ್ಞರು ಹೇಳಿದ ಸಂಬಳ 20,000. ಅಷ್ಟನ್ನು ಪಡೆಯುವ ನರ್ಸಿಗೆ ನಾಳೆ 'ಇನ್‌ಚಾರ್ಜ್' ಎಂಬ ಬಿಲ್ಲೆ ತಗುಲಿಸಿದರೆ ಸಾಕು, ಅವಳು ಗೆರೆಯ ಆಚೆಗೆ ಹೋದಳು! ಹುದ್ದೆಯ ಹೆಸರಲ್ಲ, ನಿಜವಾಗಿ ಮಾಡುವ ಕೆಲಸವೇ ಮುಖ್ಯವೆಂದು ನ್ಯಾಯಾಲಯಗಳು ಹೇಳಿವೆ, ನಿಜ. ಆದರೆ ಅದನ್ನು ರುಜುವಾತು ಮಾಡಲು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಸವೆಸಬೇಕು. ಆಸ್ಪತ್ರೆಯೂ ಈ ಕಾಯಿದೆಯ ಒಳಗೇ ಬರುತ್ತದೆಂದು ಹೇಳಿಸಿಕೊಳ್ಳಲು 1978ರ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳು ಕೂರಬೇಕಾಯಿತು ಎಂಬುದನ್ನು ಮರೆಯದಿರೋಣ. ಹೀಗೆ ಸಂಘದ ಆಸರೆ ತಪ್ಪಿದವಳು, ಮಾಲಿಕನ ಕೃಪೆಯಲ್ಲೇ ಉಳಿಯಬೇಕಾದವಳು, ಕೆಳಗಿನವರ ಮೇಲೆ ಹಲ್ಲು ಕಡಿಯದೆ ಇನ್ನೇನು ಮಾಡಿಯಾಳು? ನಾಲ್ವರು ಬೇಕಾದ ಪಾಳಿಗೆ ಇಬ್ಬರನ್ನು ಹಾಕಿ ನಡೆಸೆಂದು ಮೇಲಿನಿಂದ ಹುಕುಂ. ಆ ಇಬ್ಬರಲ್ಲೊಬ್ಬಳು ಜ್ವರ ಬಂದು ರಜೆ ಕೇಳುತ್ತಾಳೆ. ಆಗ 'ಪರಿವರ್ತನೆ ತರುವ ನಾಯಕಿ'ಯಾಗಲು ಅವಳ ಬಳಿ ಏನಿದೆ, ಆ ಪೆನ್ಸಿಲು ರಬ್ಬರು ಬಿಟ್ಟರೆ?

ನರ್ಸುಗಳ ಸಂಘ ಕಟ್ಟುವ ಸಂಗಾತಿಗಳಿಗೆ ನಾವು ಹೇಳುವುದಿಷ್ಟು. ಸಿಸ್ಟರಮ್ಮನ ದರ್ಪವನ್ನು ಸಹಿಸಬೇಡಿ, ಅವಳನ್ನು ಸಂಘದ ಬಾಗಿಲಿನಿಂದ ಹೊರಗೂ ಇಡಬೇಡಿ. ಡ್ಯೂಟಿ ಪಟ್ಟಿಯನ್ನು ವಾರ್ಡಿನ ನರ್ಸುಗಳೆಲ್ಲ ಕೂತು ಬರೆಯಲಿ, ಗೋಡೆಗೆ ಅಂಟಿಸಲಿ, ರಾತ್ರಿಪಾಳಿ ಸರತಿಯ ಮೇಲೆ ಬರಲಿ. ಇದಕ್ಕೆ ಮಾಲಿಕನಿಗೆ ಒಂದು ಕಾಸೂ ಖರ್ಚಿಲ್ಲ, ಆದರೂ ಅವನು ಸುಲಭವಾಗಿ ಒಪ್ಪುವುದಿಲ್ಲ, ನೋಡಿ. ಮೇಲ್ವಿಚಾರಕಿಯನ್ನು ನೇಮಿಸುವಾಗ ಆ ವಾರ್ಡಿನವರ ಅಭಿಪ್ರಾಯಕ್ಕೂ ಬೆಲೆ ಇರಲಿ. ಪಾಳಿಯಲ್ಲಿ ಪ್ರಮಾಣದಷ್ಟು ನರ್ಸುಗಳಿಲ್ಲದಿದ್ದರೆ ಹೊಸ ರೋಗಿಯನ್ನು ಸೇರಿಸಿಕೊಳ್ಳಲಾರೆ ಎಂದು ಬರೆದುಕೊಡುವ ಅಧಿಕಾರ ಸಿಸ್ಟರಿಗೆ ಬರಬೇಕು. ಈಗ ಅವಳ ಅಧಿಕಾರವೆಲ್ಲ ಕೆಳಮುಖವಾಗಿದೆ, ಅದು ಸ್ವಲ್ಪ ಮೇಲ್ಮುಖವಾಗಲಿ. 18,000ದ ಗೆರೆಯನ್ನು ಅಳಿಸಿಹಾಕುವ ಬೇಡಿಕೆ ನರ್ಸುಗಳದು ಮಾತ್ರವಲ್ಲ, ಗಿರಣಿಯ ಮೇಸ್ತ್ರಿ, ಬಸ್ ಡಿಪೋದ ಕಂಟ್ರೋಲರು ಎಲ್ಲರದೂ ಆಗಿದೆ.

ಅಂಗಡಿಯ ಬಂಧುಗಳೂ ಗಿರಣಿಯ ಬಂಧುಗಳೂ ತಮ್ಮವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಒಂದು ಕೆಲಸ ಮಾಡಲಿ. ವಾರ್ಡಿನ ಹಾಸಿಗೆಗಳನ್ನು ಎಣಿಸಿ, ಆ ಪಾಳಿಯ ನರ್ಸುಗಳನ್ನು ಎಣಿಸಿ, ಎರಡನ್ನೂ ಒಂದು ಚೀಟಿಯಲ್ಲಿ ತಾರೀಖಿನೊಡನೆ ಬರೆದುಕೊಳ್ಳಲಿ. ಬಿಲ್ಲು ಕಟ್ಟುವ ಕಿಟಕಿಯಲ್ಲಿ 'ನರ್ಸಿಂಗ್ ಶುಲ್ಕ' ಎಂಬ ಸಾಲಿನ ಮೇಲೆ ಬೆರಳಿಟ್ಟು, ಈ ದುಡ್ಡು ಎಷ್ಟು ನರ್ಸುಗಳ ಸಲುವಾಗಿ ಎಂದು ಕೇಳಲಿ. ಚೀಟಿಗಳನ್ನು ನಮ್ಮ ಕಛೇರಿಗೆ ಕಳಿಸಲಿ. ಊರಿನ ಆಸ್ಪತ್ರೆಗಳ ಲೆಕ್ಕವನ್ನು ವಾರವಾರವೂ ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.